ರೆಡ್ ಹಾಟ್ ಪೋಕರ್: ಐದರಲ್ಲಿ ಮೂರು ಗಿಡ ಹೋಯಿತು, ಚಳಿಗೋ ನೀರಿಗೋ?

ಹಿತ್ತಲ ಬಾಗಿಲು (ಹಿಲ್ಸ್‌ಬರೊ, ಆರೆಗಾನ್) · 17 ಮಾರ್ಚ್ 2024

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರಿಲ್ಲದೆ ಓದಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಐದು ರೆಡ್ ಹಾಟ್ ಪೋಕರ್ ಗಿಡ ತಂದು ನೆಟ್ಟೆ. ಹಿತ್ತಿಲ ಬೇಲಿಯ ಮುಂದೆ ದಕ್ಷಿಣಕ್ಕೆ ಮುಖ ಮಾಡಿದ ಜಾಗ. ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೂ ಬಿಸಿಲು. ಜುಲೈನಲ್ಲಿ ಮೂರು ಗಿಡ ಹೂ ಬಿಟ್ಟವು. ಸೊಂಟದೆತ್ತರದ ದಂಟು, ತುದಿಯಲ್ಲಿ ಗೇಣುದ್ದದ ಹೂಗೊಂಚಲು. ಮೇಲೆ ಕೆಂಡದ ಕೆಂಪು, ಕೆಳಗೆ ಅರಿಶಿನದ ಹಳದಿ. ಒಂದೇ ಹೂವಿಗೆ ಎರಡು ಬಣ್ಣ ಹೇಗೆ ಅಂತ ಹತ್ತಿರ ಹೋಗಿ ನೋಡಿದೆ. ಅದು ಒಂದು ಹೂವಲ್ಲ, ಬೆರಳ ಗೆಣ್ಣಿನಷ್ಟುದ್ದದ ನೂರಾರು ಕೊಳವೆ ಹೂಗಳು. ಮೊಗ್ಗಿದ್ದಾಗ ಕೆಂಪು, ಅರಳುತ್ತಾ ಹಳದಿ. ಕೆಳಗಿನಿಂದ ಅರಳಿಕೊಂಡು ಮೇಲೆ ಹೋಗುತ್ತವೆ.

ಅಕ್ಟೋಬರ್‌ನಲ್ಲಿ ಪಕ್ಕದ ಮನೆಯವರು, ಚಳಿಗಾಲಕ್ಕೆ ಮುಂಚೆ ಎಲ್ಲಾ ಕತ್ತರಿಸಿ ಚೊಕ್ಕ ಮಾಡಿಬಿಡಿ ಎಂದರು. ನಾನೂ ಎಲೆಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿದೆ. ಜನವರಿಯಲ್ಲಿ ಇಲ್ಲಿ ಐಸ್ ಮಳೆ ಬಂದಿದ್ದು ನಿಮಗೆ ಗೊತ್ತಿರಬಹುದು. ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಹೋಗಿತ್ತು. ಹೋದ ವಾರ ನೋಡಿದರೆ ಮೂರು ಗಿಡದಲ್ಲಿ ಜೀವವೇ ಇಲ್ಲ. ಒಂದನ್ನು ಮೆಲ್ಲಗೆ ಎಳೆದೆ. ಎಲೆಯ ಕಟ್ಟು ಪೂರ್ತಿ ಕೈಗೆ ಬಂತು. ಬುಡ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು, ಕೊಳೆತ ಈರುಳ್ಳಿಯ ವಾಸನೆ.

ಗಿಡ ಮಾರಿದವರು ನಮ್ಮ ವಲಯ 8ಕ್ಕೆ (ಚಳಿ ಎಷ್ಟು ಇಳಿಯುತ್ತದೆ ಅಂತ ನೋಡಿ ಅಮೆರಿಕದಲ್ಲಿ ಮಾಡಿರುವ ವಿಂಗಡಣೆ) ಇದು ಧಾರಾಳವಾಗಿ ತಡೆಯುತ್ತದೆ ಎಂದಿದ್ದರು. ಹಾಗಾದರೆ ಚಳಿ ಜಾಸ್ತಿ ಆಯಿತೇ? ಮತ್ತೆ ಹಾಕಲೇ, ಬಿಡಲೇ? ನನಗೆ ಆ ಗಿಡದ ಮೇಲೆ ತುಂಬಾ ಮನಸ್ಸಿದೆ.

ಥೇಮ್ಸ್ ದಡ (ರೆಡಿಂಗ್, ಇಂಗ್ಲೆಂಡ್) · 17 ಮಾರ್ಚ್ 2024

ಅಕ್ಕ, ಚಳಿಗೆ ಸತ್ತ ಗಿಡ ಆ ಥರ ವಾಸನೆ ಬರುವುದು ಅಪರೂಪ. ನೀವು ಬರೆದಿರುವುದು ಓದಿದರೆ ಇದು ನೀರಿನ ಕೆಲಸ. ಸುಳಿ ಕೊಳೆತಿದೆ.

ಈ ಗಿಡದ ಎಲೆಗಳು ಒಂದರೊಳಗೊಂದು ಕೂತಿರುತ್ತವೆ. ಒಂದೊಂದು ಎಲೆಯೂ ನಡುವೆ ಮಡಚಿದ ದೋಣಿಯ ಹಾಗೆ. ಉದ್ದಕ್ಕೆ ಬಿಟ್ಟರೆ ಬಾಗಿ ನೀರನ್ನು ಹೊರಗೆ ಸುರಿಯುತ್ತವೆ. ಗೇಣುದ್ದಕ್ಕೆ ಕತ್ತರಿಸಿದರೆ ನೆಟ್ಟಗೆ ನಿಂತು ಕೊಳವೆ ಆಗುತ್ತವೆ. ಮಳೆ ನೀರು ಸೀದಾ ಸುಳಿಗೆ ಇಳಿಯುತ್ತದೆ. ಅಲ್ಲೇ ನಿಂತು, ಅಲ್ಲೇ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಸುಳಿಯನ್ನು ಮುಗಿಸಿಬಿಡುತ್ತದೆ.

ಅದಕ್ಕೇ ಇಲ್ಲಿ ಹಳಬರು ಶರತ್ಕಾಲದಲ್ಲಿ ಇದಕ್ಕೆ ಕತ್ತರಿ ಹಾಕುವುದಿಲ್ಲ. ನವೆಂಬರ್‌ನಲ್ಲಿ ಎಲ್ಲ ಎಲೆಗಳನ್ನು ಮೇಲಕ್ಕೆತ್ತಿ, ಜುಟ್ಟು ಕಟ್ಟಿದ ಹಾಗೆ ದಾರದಿಂದ ಕಟ್ಟುತ್ತಾರೆ. ನೀರು ಹೊರಮೈಯಲ್ಲೇ ಜಾರಿ ಹೋಗುತ್ತದೆ. ಚಳಿ ಕಳೆದ ಮೇಲೆ ಬಿಚ್ಚಿ, ಒಣಗಿದ್ದನ್ನು ಆಗ ತೆಗೆಯುತ್ತಾರೆ.

ಎರಡು ವಿಷಯ ಕೇಳಬೇಕು. ಗಿಡ ಎಷ್ಟು ಆಳ ನೆಟ್ಟಿರಿ? ಮಣ್ಣು ಎಂಥದ್ದು?

ಹಿತ್ತಲ ಬಾಗಿಲು · 17 ಮಾರ್ಚ್ 2024

ಜೇಡಿಮಣ್ಣು. ಮಳೆಗಾಲದಲ್ಲಿ ಬೂಟಿಗೆ ಅಂಟಿದರೆ ಬಿಡಿಸಲು ಕಡ್ಡಿ ಬೇಕು, ಬೇಸಿಗೆಯಲ್ಲಿ ಹಾರೆಗೂ ಬಗ್ಗುವುದಿಲ್ಲ. ಆಳ ಸ್ವಲ್ಪ ಜಾಸ್ತಿಯೇ ಆಗಿತ್ತು ಅನಿಸುತ್ತದೆ. ಗಾಳಿಗೆ ಬೀಳಬಾರದು ಅಂತ ಎಲೆಯ ಬುಡ ಮುಚ್ಚುವ ಹಾಗೆ ಮಣ್ಣೇರಿಸಿದ್ದೆ.

ಇನ್ನೊಂದು ವಿಷಯ ಈಗ ಹೊಳೆಯಿತು. ನಮ್ಮ ಬೀದಿಯ ತುದಿಯಲ್ಲಿ ಒಬ್ಬರ ಮನೆಯ ಇಳಿಜಾರಿನಲ್ಲಿ ಇದೇ ಗಿಡದ ದೊಡ್ಡ ಪೊದೆ ಇದೆ. ಅದೇ ಜನವರಿ, ಅದೇ ಐಸ್. ಅದಕ್ಕೆ ಏನೂ ಆಗಿಲ್ಲ.

ಥೇಮ್ಸ್ ದಡ · 18 ಮಾರ್ಚ್ 2024

ಉತ್ತರ ನಿಮ್ಮ ಬೀದಿಯಲ್ಲೇ ಇದೆ ನೋಡಿ. ಚಳಿ ಇಬ್ಬರಿಗೂ ಒಂದೇ. ಅವರಲ್ಲಿ ನೀರು ಹರಿದು ಹೋಯಿತು, ನಿಮ್ಮಲ್ಲಿ ನಿಂತಿತು.

ಕೆಂಪುನೆಲ (ಜೋಹಾನ್ಸ್‌ಬರ್ಗ್, ದಕ್ಷಿಣ ಆಫ್ರಿಕಾ) · 18 ಮಾರ್ಚ್ 2024

ಇದರ ತವರಿನಿಂದ ಬರೆಯುತ್ತಿದ್ದೇನೆ, ನಾನೂ ಎರಡು ಮಾತು ಸೇರಿಸುತ್ತೇನೆ.

ರೆಡ್ ಹಾಟ್ ಪೋಕರ್‌ನ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಕ್ನಿಫೋಫಿಯಾ ಅಂತ ಹೆಸರು, ಅದರಲ್ಲಿ ಸುಮಾರು 70 ಜಾತಿಗಳಿವೆ. ಹೆಚ್ಚಿನವು ದಕ್ಷಿಣ ಆಫ್ರಿಕಾದವು. ಎರಡು ವರ್ಷದ ಹಿಂದೆ ಜನವರಿಯಲ್ಲಿ ಸಾನಿ ಪಾಸ್ ಹತ್ತಿದ್ದೆವು. ಡ್ರಾಕೆನ್ಸ್‌ಬರ್ಗ್ ಬೆಟ್ಟ ದಾಟಿ ಲೆಸೊಥೊ ದೇಶಕ್ಕೆ ಹೋಗುವ ದಾರಿ ಅದು, ತುದಿ 2,800 ಮೀಟರ್‌ಗಿಂತ ಎತ್ತರ. ಮೇಲೆ ಹೋಗುತ್ತಾ ಹೋಗುತ್ತಾ ಹಸಿರು ಹುಲ್ಲಿನ ನಡುವೆ ಅಲ್ಲಲ್ಲಿ ಈ ಹೂವಿನ ಹಿಂಡು. ಬೂದುನೀಲಿ ಎಲೆ, ಹವಳದ ಬಣ್ಣದ ಹೂ. ಕೌಲೆಸೆನ್ಸ್ ಅನ್ನುವ ಜಾತಿ. ಫೋಟೋ ತೆಗೆಯೋಣ ಅಂತ ಗಾಡಿಯಿಂದ ಇಳಿದು ಹತ್ತಿರ ಹೋದೆ. ಪಾದ ಪೂರ್ತಿ ಒದ್ದೆ! ಅದು ಬೆಟ್ಟದ ಒರತೆ ಜಿನುಗುವ ಜಾಗ. ಮಂಡಿಯೂರಿ ಬೆರಳು ಒತ್ತಿದರೆ ಕಪ್ಪು ಮಣ್ಣಿನಿಂದ ತಣ್ಣನೆಯ ನೀರು ಮೇಲೆ ಬರುತ್ತಿತ್ತು, ಬಂದಿದ್ದು ಹಾಗೇ ಇಳಿಜಾರಿಗೆ ಜಾರಿ ಹೋಗುತ್ತಿತ್ತು.

ನೀರು ಜಾಸ್ತಿಯಾಗಿ ಸಾಯುವ ಗಿಡ ಒರತೆಯಲ್ಲಿ ಹೇಗೆ ಬದುಕಿದೆ ಅಂತ ಕೇಳಬಹುದು. ಅಲ್ಲಿ ಮಳೆ ಬೇಸಿಗೆಯಲ್ಲಿ. ಗಿಡ ಬೆಳೆಯುವ, ದಂಟು ಎತ್ತುವ ಹೊತ್ತಿಗೆ ಸರಿಯಾಗಿ ನೀರು, ಅದೂ ಹರಿಯುವ ನೀರು. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಆದರೆ ಮಳೆ ಇಲ್ಲ, ನೆಲ ಒಣಗಿರುತ್ತದೆ. ನಿಮ್ಮ ಆರೆಗಾನ್ ಇದಕ್ಕೆ ಪೂರ್ತಿ ತಿರುಗುಮುರುಗು ಅಲ್ವಾ? ಚಳಿಗಾಲವಿಡೀ ಮಳೆ, ಜುಲೈ ಆಗಸ್ಟ್‌ನಲ್ಲಿ ಹನಿ ಇಲ್ಲ.

ಕೇಪ್ ಪಟ್ಟಣದ ಕಡೆ ಚಳಿಗಾಲದ ಮಳೆಯಲ್ಲೂ ಬೆಳೆಯುವ ಜಾತಿ ಇದೆ, ಉವಾರಿಯಾ ಅಂತ. ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಲವು ಜಾತಿಗಳ ಮಿಶ್ರಣ. ಯಾವ ಗುಣ ಯಾರಿಂದ ಬಂದಿದೆ ಹೇಳುವುದು ಕಷ್ಟ. ಬೇಸಿಗೆಯಲ್ಲಿ ನೀರು, ಚಳಿಗಾಲದಲ್ಲಿ ಒಣ ಬುಡ ಅಂತ ಇಟ್ಟುಕೊಂಡರೆ ಎಲ್ಲಕ್ಕೂ ಒಗ್ಗುತ್ತದೆ.

ಹಿತ್ತಲ ಬಾಗಿಲು · 24 ಮಾರ್ಚ್ 2024

ಕೆಂಪುನೆಲ ಅವರೇ, ನೀವು ಬರೆದಿದ್ದನ್ನು ಮೂರು ಸಲ ಓದಿದೆ. ನಿನ್ನೆ ಒಂದು ಪರೀಕ್ಷೆ ಮಾಡಿದೆ. ಸತ್ತ ಗಿಡದ ಜಾಗದಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ, ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿದೆ. ಎರಡನೇ ಸಲದ ನೀರು ರಾತ್ರಿ ಮಲಗುವಾಗ ಟಾರ್ಚ್ ಹಾಕಿ ನೋಡಿದರೂ ಇತ್ತು. ಬೆಳಗ್ಗೆ ಎದ್ದು ನೋಡಿದರೂ ಇತ್ತು, ಮೇಲೆ ಒಂದು ಎರೆಹುಳ ತೇಲುತ್ತಿತ್ತು.

ನಮ್ಮದು ಶೃಂಗೇರಿ ಕಡೆ ಅಡಿಕೆ ತೋಟ. ಮಳೆಗಾಲಕ್ಕೆ ಮುಂಚೆ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಬಸಿಗಾಲುವೆಯ ಹೂಳು ತೆಗೆಸುವುದು. ಆಮೇಲೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟಿಸುವುದು, ಕೊಳೆರೋಗ ಬರದ ಹಾಗೆ. ಅಪ್ಪ ಯಾವಾಗಲೂ, ಮರ ಮಳೆಗೆ ಹೆದರುವುದಿಲ್ಲ, ನಿಂತ ನೀರಿಗೆ ಹೆದರುತ್ತದೆ ಎನ್ನುತ್ತಿದ್ದರು. ಅಷ್ಟು ಕೇಳಿ ಬೆಳೆದ ನಾನು ಬಿಸಿಲು ಮಾತ್ರ ನೋಡಿ ಗಿಡ ಇಟ್ಟೆ. ನೀರು ಎಲ್ಲಿ ಹೋಗುತ್ತದೆ ಅಂತ ನೋಡಲಿಲ್ಲ. ಥೇಮ್ಸ್ ದಡ ಅವರು ಹೇಳಿದ ಜುಟ್ಟು ನಮ್ಮ ಕೊಟ್ಟೆಯೇ ಅಲ್ವಾ? ನೆಲದ ಮೇಲಿನ ಗಿಡಕ್ಕೆ ಕೊಟ್ಟೆ.

ಮಣ್ಣಿಗೆ ಮರಳು ಸೇರಿಸಿದರೆ ಸಾಕೇ?

ಥೇಮ್ಸ್ ದಡ · 24 ಮಾರ್ಚ್ 2024

ಬೇಡ ಅಕ್ಕ. ಜೇಡಿಗೆ ನಾಲ್ಕು ಬುಟ್ಟಿ ಮರಳು ಸುರಿದರೆ ಮಣ್ಣು ಇನ್ನೂ ಗಟ್ಟಿಯಾಗಬಹುದು. ಗುಂಡಿ ತೋಡಿ ಅದರಲ್ಲಿ ಮಾತ್ರ ಒಳ್ಳೆ ಮಣ್ಣು ತುಂಬುವುದೂ ಬೇಡ. ಸುತ್ತಲಿನ ಜೇಡಿ ಬಾನಿಯಾಗುತ್ತದೆ, ನೀರು ಅದರಲ್ಲಿ ತುಂಬಿಕೊಳ್ಳುತ್ತದೆ. ನೆಲಕ್ಕಿಂತ ಮೇಲೆ ಹೋಗಿ. ಇರುವ ಮಣ್ಣಿಗೇ ಕಾಂಪೋಸ್ಟ್, ಸಣ್ಣ ಜಲ್ಲಿ ಬೆರೆಸಿ 25-30 ಸೆಂಟಿಮೀಟರ್ ದಿಬ್ಬ ಮಾಡಿ. ನೆಡುವಾಗ ಕುಂಡದಲ್ಲಿ ಎಷ್ಟು ಆಳ ಇತ್ತೋ ಅಷ್ಟೇ. ಸುಳಿಯ ಸುತ್ತ ತರಗೆಲೆಯ ಮುಚ್ಚಿಗೆ ಒತ್ತಬೇಡಿ, ಒಂದು ಹಿಡಿ ಜಲ್ಲಿ ಹಾಕಿ.

ಬಿಸಿಲೂರು (ಫಾಲ್ಸಮ್, ಕ್ಯಾಲಿಫೋರ್ನಿಯಾ) · 25 ಮಾರ್ಚ್ 2024

ನಮ್ಮಲ್ಲಿ ಸಮಸ್ಯೆ ಬೇರೆ, ಅದನ್ನೂ ಹೇಳುತ್ತೇನೆ. ಇದು ಒಣಹವೆ ತಡೆಯುವ ಗಿಡ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಿಜ, ಸಾಯುವುದಿಲ್ಲ. ಆದರೆ ನೀರಿಲ್ಲದಿದ್ದರೆ ಹೂ ಬಿಡುವುದಿಲ್ಲ, ಬಿಟ್ಟರೂ ಬಡಕಲು. ನಾನು ಮೊದಲ ಎರಡು ವರ್ಷ ಆ ಮಾತು ನಂಬಿ ನೀರು ಕಟ್ಟಲೇ ಇಲ್ಲ. ದಂಟು ಮೊಣಕಾಲಿಗೂ ಬರಲಿಲ್ಲ.

ಈಗ ಎಲೆಗಳ ನಡುವೆ ಮೊಗ್ಗಿನ ತುದಿ ಕಂಡ ದಿನದಿಂದ ಹೂ ಮುಗಿಯುವವರೆಗೆ ವಾರಕ್ಕೊಂದು ಸಲ ಹೊಟ್ಟೆ ತುಂಬಾ ನೀರು ಕೊಡುತ್ತೇನೆ. ದಿನಾ ಚಿಮುಕಿಸುವುದಲ್ಲ, ಒಮ್ಮೆಲೇ ಬೇರಿನ ಆಳಕ್ಕೆ ಇಳಿಯುವಷ್ಟು. ನಮ್ಮಲ್ಲಿ ಜುಲೈನಲ್ಲಿ 40 ಡಿಗ್ರಿ ಮುಟ್ಟುತ್ತದೆ. ಅಷ್ಟು ಬಿಸಿಲಲ್ಲೂ ಎಲೆ ಬಾಡುವುದಿಲ್ಲ. ಹೂವು ಮಾತ್ರ ಬೇಗ ಹಳದಿಯಾಗಿ ಉದುರುತ್ತದೆ, ಅಷ್ಟೇ.

ಜಾಗ ಕಡಿಮೆ ಇರುವವರಿಗೆ ಪಾಪ್ಸಿಕಲ್ ಹೆಸರಿನ ಗಿಡ್ಡ ತಳಿಗಳಿವೆ. ಮ್ಯಾಂಗೋ ಪಾಪ್ಸಿಕಲ್, ಪಪಾಯ ಪಾಪ್ಸಿಕಲ್ ಅಂತೆಲ್ಲ. ಅಕ್ಕನ ಆರೆಗಾನ್‌ನಲ್ಲೇ ಹುಟ್ಟಿದ ತಳಿಗಳು. ಎಲೆ ಹುಲ್ಲಿನ ಹಾಗೆ ತೆಳು. ಒಂದು ದಂಟು ಮುಗಿದರೆ ಇನ್ನೊಂದು ಬರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಹೂವಿರುತ್ತದೆ. ಒಣಗಿದ ದಂಟನ್ನು ಬುಡದವರೆಗೆ ತೆಗೆಯುತ್ತಿರಬೇಕು. ಜಿಂಕೆ ಕಾಟ ಇರುವವರಿಗೂ ಇದು ಒಳ್ಳೆಯದು, ನಮ್ಮಲ್ಲಿ ಗುಲಾಬಿ ಒಂದನ್ನೂ ಬಿಡದ ಜಿಂಕೆಗಳು ಇದನ್ನು ಮೂಸಿ ಮುಂದೆ ಹೋಗುತ್ತವೆ.

ಕೈಗೆ ಗ್ಲೌಸ್ ಹಾಕಿಕೊಳ್ಳಿ. ದೊಡ್ಡ ತಳಿಗಳ ಎಲೆಯ ಅಂಚಿಗೆ ಸಣ್ಣ ಗರಗಸ ಇದೆ. ಕೆಳಗಿನಿಂದ ಮೇಲೆ ಸವರಿದರೆ ಗೊತ್ತಾಗುವುದಿಲ್ಲ, ಮೇಲಿನಿಂದ ಕೆಳಗೆ ಎಳೆದರೆ ಗೀರುತ್ತದೆ.

ರಥಬೀದಿ (ಉಡುಪಿ) · 26 ಮಾರ್ಚ್ 2024

ನಾನು ಈ ಗಿಡ ಬೆಳೆಸಿಲ್ಲ, ಫೋಟೋ ನೋಡಿ ಮನಸೋತು ಬಂದವನು. ಇದಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಡವೇ? ಒಲೆಯ ಕೆಂಡ ಕೆದಕುವ ಕಾದ ಸಲಾಕೆ ಅಂತ ಇಂಗ್ಲಿಷಿನವರು ಇಟ್ಟಿದ್ದಾರೆ. ನಮಗೆ ಆ ಸಲಾಕೆಯ ಬಳಕೆಯೇ ಕಡಿಮೆ.

ಬಿಸಿಲೂರು · 26 ಮಾರ್ಚ್ 2024

ನಮ್ಮ ಮನೆಯಲ್ಲಿ ಕೊಳ್ಳಿ ಹೂವು ಅನ್ನುತ್ತೇವೆ. ಆದರೆ ಊರಿನಿಂದ ಅತ್ತೆ ಬಂದಾಗ, ಮನೆ ಮುಂದಿನ ಗಿಡಕ್ಕೆ ಕೊಳ್ಳಿ ಅಂತ ಹೆಸರಿಡಬಾರದು ಎಂದರು. ಅವರ ಮಾತೂ ಸರಿಯೇ.

ಕೆಂಪುನೆಲ · 26 ಮಾರ್ಚ್ 2024

ಇಲ್ಲಿ ಆಫ್ರಿಕಾನ್ಸ್ ಭಾಷೆಯಲ್ಲಿ ವೂರ್‌ಪೈಲ್ ಎನ್ನುತ್ತಾರೆ. ಬೆಂಕಿಯ ಬಾಣ ಅಂತ, ಅಂದರೆ ರಾಕೆಟ್. ಕ್ನಿಫೋಫಿಯಾ ಅನ್ನುವುದು ಜರ್ಮನಿಯ ಎರ್ಫರ್ಟ್ ಊರಿನ ವೈದ್ಯ ಯೋಹಾನ್ ಕ್ನಿಪ್‌ಹೋಫ್ ಅವರ ನೆನಪಿಗೆ 1794ರಲ್ಲಿ ಇಟ್ಟ ಹೆಸರು. ನಿಜವಾದ ಗಿಡಕ್ಕೇ ಮಸಿ ಬಳಿದು ಕಾಗದದ ಮೇಲೆ ಒತ್ತಿ ಅಚ್ಚು ತೆಗೆಯುತ್ತಿದ್ದವರು ಅವರು. ಅದಕ್ಕೂ ಮುಂಚೆ ಲಿನ್ನೇಯಸ್ ಇದನ್ನು ಲೋಳೆಸರದ ಜೊತೆಗೇ ಸೇರಿಸಿದ್ದ. ಈಗಲೂ ಎರಡೂ ಒಂದೇ ಕುಟುಂಬ. ಲೋಳೆಸರದ ಹೂದಂಟು ನೋಡಿದವರಿಗೆ ಹೋಲಿಕೆ ತಕ್ಷಣ ಕಾಣುತ್ತದೆ.

ರಥಬೀದಿ · 27 ಮಾರ್ಚ್ 2024

ಹಾಗಾದರೆ ನಾನೊಂದು ಹೆಸರು ಹೇಳುತ್ತೇನೆ, ಬೇಡವೆಂದರೆ ಬಿಡಿ. ದೀವಟಿಗೆ ಹೂವು. ನಮ್ಮ ಕಡೆ ದೇವಸ್ಥಾನದಲ್ಲಿ ರಾತ್ರಿ ಬಲಿ ಉತ್ಸವದ ಮೆರವಣಿಗೆ ಹೊರಡುವಾಗ ದೇವರ ಮುಂದೆ ದೀವಟಿಗೆ ಹಿಡಿಯುತ್ತಾರೆ. ಉದ್ದ ಹಿಡಿ, ತುದಿಗೆ ಎಣ್ಣೆ ಬಟ್ಟೆ ಸುತ್ತಿ ಹಚ್ಚಿದ ಬೆಂಕಿ. ಹಿತ್ತಲ ಬಾಗಿಲು ಅಕ್ಕ ಹಾಕಿದ್ದ ಜುಲೈ ಫೋಟೋದಲ್ಲಿ ಮೂರು ದಂಟು ಸಾಲಾಗಿ ನಿಂತಿದ್ದು ನೋಡಿದಾಗ ನನಗೆ ಕಂಡಿದ್ದು ಅದೇ.

ಹಿತ್ತಲ ಬಾಗಿಲು · 27 ಮಾರ್ಚ್ 2024

ದೀವಟಿಗೆ! ಇನ್ನು ನಾನು ಹಾಗೇ ಕರೆಯುತ್ತೇನೆ.

ಯಾರಾ ಕಣಿವೆ (ಮೆಲ್ಬರ್ನ್, ಆಸ್ಟ್ರೇಲಿಯಾ) · 30 ಮಾರ್ಚ್ 2024

ಹೆಸರು ಚೆನ್ನಾಗಿದೆ. ನಾನು ಸ್ವಲ್ಪ ಎಚ್ಚರಿಕೆಯ ಮಾತು ಹೇಳಬೇಕು. ನಮ್ಮ ವಿಕ್ಟೋರಿಯಾದಲ್ಲಿ ಉವಾರಿಯಾ ಜಾತಿ ತೋಟದಿಂದ ತಪ್ಪಿಸಿಕೊಂಡು ಕಳೆಯಾಗಿದೆ. ರಸ್ತೆ ಬದಿ, ತೊರೆಗಳ ದಡ, ಒದ್ದೆ ಹುಲ್ಲುಗಾವಲಿನಲ್ಲಿ ತಾನಾಗಿ ಬೆಳೆದಿರುತ್ತದೆ. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲೂ ಹೀಗೆ ಹರಡಿದೆ. ಮನೆ ಹತ್ತಿರ ಹಳ್ಳ, ಕಾಡು ಇದ್ದವರು ಹೂ ಬಾಡಿದ ಕೂಡಲೇ ದಂಟು ಕತ್ತರಿಸಿಬಿಡಿ, ಬೀಜ ಕಟ್ಟಲು ಬಿಡಬೇಡಿ. ತೆಗೆದ ಗೆಡ್ಡೆಯನ್ನು ಬೇಲಿ ಆಚೆ ಎಸೆಯಬೇಡಿ. ಬೀಜದ ಗಿಡ ಹೂ ಬಿಡಲು ಸಾಮಾನ್ಯವಾಗಿ ಎರಡು ಮೂರು ವರ್ಷ ಬೇಕು, ತಾಯಿಯ ಬಣ್ಣವೇ ಬರುತ್ತದೆ ಅಂತಲೂ ಇಲ್ಲ. ಹಾಗಾಗಿ ಬೀಜ ಉಳಿಸಿಕೊಂಡು ನಮಗೇನೂ ದೊಡ್ಡ ಲಾಭವಿಲ್ಲ.

ಗಿಡ ಹೆಚ್ಚಿಸಬೇಕಾದರೆ ಕಂದು ಬಿಡಿಸಿ. ಬಾಳೆ ಕಂದು ತೆಗೆದವರಿಗೆ ಇದು ಕಷ್ಟವೇ ಅಲ್ಲ. ನಾನು ಹೋದ ಸೆಪ್ಟೆಂಬರ್‌ನಲ್ಲಿ, ಅಂದರೆ ನಮ್ಮ ವಸಂತದಲ್ಲಿ, ಆರು ವರ್ಷದ ಪೊದೆಯೊಂದನ್ನು ಬಿಡಿಸಿದೆ. ನಡುವೆ ಹೂವೇ ನಿಂತುಹೋಗಿತ್ತು, ಸುತ್ತ ಅಂಚಿನಲ್ಲಿ ಮಾತ್ರ ದಂಟು ಬರುತ್ತಿತ್ತು.

ಮೊದಲು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದೆ. ನೆಟ್ಟ ಹೊಸದರಲ್ಲಿ ಬೇರಿಗೆ ಅಷ್ಟು ಎಲೆ ಸಾಕಲು ಆಗುವುದಿಲ್ಲ. ಸುತ್ತ ಒಂದಡಿ ಬಿಟ್ಟು ನಾಲ್ಕೂ ಕಡೆ ಫೋರ್ಕ್ ಇಳಿಸಿ ಮೀಟಿದೆ. ನಾವಿಬ್ಬರೂ ಸೇರಿ ಎತ್ತಬೇಕಾಯಿತು. ಪೈಪಿನಿಂದ ಮಣ್ಣು ತೊಳೆದೆ. ತೊಳೆಯದೆ ಕತ್ತರಿಸಲು ಹೋಗಬೇಡಿ, ಎಲ್ಲಿ ಕತ್ತರಿಸಬೇಕು ಅಂತ ಕಾಣುವುದೇ ಇಲ್ಲ. ಮಣ್ಣು ಹೋದ ಮೇಲೆ ಅರಿಶಿನದ ಗೆಡ್ಡೆಯ ಹಾಗೆ ದಪ್ಪ ಗೆಡ್ಡೆ, ಅದಕ್ಕೆ ಅಂಟಿಕೊಂಡು ಬೀಸಣಿಗೆಯಂತೆ ನಿಂತ ಒಂದೊಂದು ಎಲೆಯ ಕಟ್ಟು, ಅದರ ಕೆಳಗೆ ಹಳದಿ ಹಗ್ಗದಂಥ ಬೇರುಗಳು ಕಂಡವು. ಒಂದು ಕಟ್ಟಿಗೆ ಕನಿಷ್ಠ ಏಳೆಂಟು ದಪ್ಪ ಬೇರಾದರೂ ಉಳಿಯುವ ಹಾಗೆ ಹಳೆಯ ಬ್ರೆಡ್ ಚಾಕುವಿನಿಂದ ಕೊಯ್ದೆ. ಹದಿನಾಲ್ಕು ಕಂದು ಸಿಕ್ಕವು. ನಡುವಿನ ಮುದಿ ಗೆಡ್ಡೆ ಬಿಸಾಡಿದೆ. ಎಲೆಗಳ ಸಂದಿಯಲ್ಲಿ ಬಸವನಹುಳುಗಳು ಒಂದು ಬಟ್ಟಲು ತುಂಬಾ ಸಿಕ್ಕವು, ವರ್ಷಕ್ಕೊಮ್ಮೆ ಆ ಸಂದಿಗಳನ್ನು ನೋಡುವುದು ಒಳ್ಳೆಯದು.

ದೊಡ್ಡ ತಳಿಯಾದರೆ ಕಂದಿನಿಂದ ಕಂದಿಗೆ 60 ಸೆಂಟಿಮೀಟರ್ ಬಿಡಿ. ಮೊದಲ ವರ್ಷ ಹೂ ಬರದಿದ್ದರೆ ಗಾಬರಿ ಬೇಡ. ನನಗೆ ಹದಿನಾಲ್ಕರಲ್ಲಿ ಮೂರು ಮಾತ್ರ ಈ ಬೇಸಿಗೆಯಲ್ಲಿ ದಂಟು ಎತ್ತಿದವು.

ಕಬ್ಬನ್ ನೆರಳು (ಬೆಂಗಳೂರು) · 2 ಏಪ್ರಿಲ್ 2024

ನಾನೂ ಒಂದು ತಂದೆ! ನರ್ಸರಿಯಲ್ಲಿ ಟಾರ್ಚ್ ಗಿಡ ಅಂತ ಕೇಳಿದೆ, ಕೊಟ್ಟರು. ಈಗ ಎದೆಮಟ್ಟ ಬೆಳೆದಿದೆ, ಎಲೆ ಅಗಲ ಅಗಲ, ಉಜ್ಜಿದರೆ ಶುಂಠಿಯ ವಾಸನೆ. ಬಿಸಿಲಲ್ಲಿಟ್ಟರೆ ಎಲೆ ಸುಡುತ್ತದೆ. ಏನು ತಪ್ಪಾಯಿತು?

ಕೆಂಪುನೆಲ · 2 ಏಪ್ರಿಲ್ 2024

ಅದು ಟಾರ್ಚ್ ಜಿಂಜರ್. ಶುಂಠಿಯ ಬಳಗದ್ದು, ಮಲೇಷ್ಯಾ, ಇಂಡೋನೇಷ್ಯಾ ಕಡೆಯದು. ಅರೆನೆರಳು, ತೇವ ಬೇಕು. ನಮ್ಮ ಗಿಡಕ್ಕೂ ಟಾರ್ಚ್ ಲಿಲಿ ಅಂತ ಇನ್ನೊಂದು ಹೆಸರಿದೆ, ಅದಕ್ಕೇ ಗೊಂದಲ. ಎಲೆ ನೋಡಿದರೆ ಸಾಕು. ಅಗಲ ಎಲೆ ಇದ್ದರೆ ಇದಲ್ಲ. ಇದರದ್ದು ಜೋಳದ ಗರಿಯಂಥ ಉದ್ದನೆಯ ಎಲೆ, ಎಲ್ಲಾ ನೆಲದಿಂದಲೇ ಹೊರಡುತ್ತವೆ.

ನಿಮ್ಮ ಟಾರ್ಚ್ ಜಿಂಜರ್ ಅನ್ನು ಮರದ ನೆರಳಿಗೆ ಸರಿಸಿ, ಅದರ ಹೂವೂ ಬಹಳ ಚಂದ. ಬಿಸಿಲಿನ ಜಾಗಕ್ಕೆ ಲೋಳೆಸರ ಹಾಕಿ, ಬಲಿತ ಗಿಡ ಹಳದಿ ದಂಟು ಎತ್ತುತ್ತದೆ. ಸೂರಕ್ಕಿಗಳು ಅದಕ್ಕೂ ಬರುತ್ತವೆ.

ಚಹಾ ಇಳಿಜಾರು (ಕೋಟಗಿರಿ, ನೀಲಗಿರಿ) · 3 ಏಪ್ರಿಲ್ 2024

ನಮ್ಮಲ್ಲಿ ಈ ಗಿಡ ಚೆನ್ನಾಗಿ ಬರುತ್ತಿದೆ. ಎತ್ತರ, ತಂಪು, ಬಿಸಿಲು ಮೂರೂ ಇದೆ. ಆದರೆ ಮಳೆ ಜೋರು. ನಾನು ಮೆಟ್ಟಿಲು ಪಾತಿಯ ಅಂಚಿನಲ್ಲಿ, ಕಲ್ಲು ಕಟ್ಟಿದ ಕಡೆಗೆ ನೆಟ್ಟಿದ್ದೇನೆ. ನೀರು ನಿಲ್ಲಲು ಜಾಗವೇ ಇಲ್ಲ. ಅದೇ ಪಾತಿಯ ಒಳಮೂಲೆಯಲ್ಲಿ ಹಾಕಿದ್ದ ಎರಡು ಮೊದಲ ಮಳೆಗಾಲದಲ್ಲೇ ಹೋದವು. ನಡುವೆ ನಾಲ್ಕು ಅಡಿ ದೂರ, ಅಷ್ಟೇ ವ್ಯತ್ಯಾಸ.

ಹಿತ್ತಲ ಬಾಗಿಲು · 14 ಏಪ್ರಿಲ್ 2024

ಎರಡು ವಾರಾಂತ್ಯ ಕೆಲಸ ಮಾಡಿದೆವು. ಬೇಲಿ ಮುಂದೆ ಹನ್ನೆರಡು ಅಡಿ ಉದ್ದ, ನಾಲ್ಕು ಅಡಿ ಅಗಲದ ದಿಬ್ಬ, ಒಂದಡಿ ಎತ್ತರ. ಹಿಂದೆ ಒಂದು ಬಸಿಗಾಲುವೆ. ಗುದ್ದಲಿ ಇಲ್ಲಿ ಸಿಗದೆ ಸಲಿಕೆಯಲ್ಲೇ ತೋಡಿದ್ದು. ವಿಡಿಯೋ ಕಾಲ್‌ನಲ್ಲಿ ಅಪ್ಪನಿಗೆ ತೋರಿಸಿದೆ. ಓಟ ಸಾಲದು, ಆ ತುದಿ ಇನ್ನೂ ಎರಡು ಬೆರಳು ಇಳಿಸು ಎಂದರು. ಇಳಿಸಿದೆ.

ಉಳಿದ ಎರಡು ಗಿಡ ಎತ್ತಿ ದಿಬ್ಬದ ಮೇಲೆ ಕೂರಿಸಿದೆ. ಎತ್ತಿದಾಗ ಒಂದರಲ್ಲಿ ಮೂರು ಕಂದು ಇದ್ದವು. ಬೇರ್ಪಡಿಸಿದೆ. ಹೊಸದಾಗಿ ಯಾವುದನ್ನೂ ಕೊಂಡಿಲ್ಲ.

ಬಯಲುಸೀಮೆ (ಡಲ್ಲಾಸ್, ಟೆಕ್ಸಸ್) · 9 ಜೂನ್ 2024

ನನ್ನ ಪ್ರಶ್ನೆ ಬೇರೆ. ಎಲೆ ಭರ್ಜರಿ, ಕಡು ಹಸಿರು, ಮೂರನೇ ವರ್ಷ. ಒಂದು ದಂಟೂ ಇಲ್ಲ. ಬಿಸಿಲು ಮಧ್ಯಾಹ್ನ ಎರಡರವರೆಗೆ ಇದೆ. ಪಕ್ಕದಲ್ಲೇ ಲಾನ್.

ಬಿಸಿಲೂರು · 9 ಜೂನ್ 2024

ಲಾನಿಗೆ ಹಾಕುವ ಗೊಬ್ಬರ ಇದಕ್ಕೂ ಹೋಗುತ್ತಿದೆಯೇ ನೋಡಿ. ಸಾರಜನಕ ಜಾಸ್ತಿಯಾದರೆ ಎಲೆಯಲ್ಲೇ ಶಕ್ತಿ ಮುಗಿಯುತ್ತದೆ. ವರ್ಷಕ್ಕೊಮ್ಮೆ ವಸಂತದಲ್ಲಿ ಒಂದು ಬೊಗಸೆ ಕಾಂಪೋಸ್ಟ್ ಸಾಕು. ಎಲೆಯ ಮೇಲೆ ಬೆಳ್ಳಿ ಗೀರುಗಳಂಥ ಗುರುತು ಕಂಡರೆ ಅದು ಥ್ರಿಪ್ಸ್ ಅನ್ನುವ ಸಣ್ಣ ಕೀಟದ ಕೆಲಸ, ರಭಸವಾಗಿ ನೀರು ಹೊಡೆದರೆ ಬಹುಪಾಲು ಹೋಗುತ್ತದೆ. ದಯವಿಟ್ಟು ಗಿಡದೊಳಗೆ ಸೇರುವ ಕೀಟನಾಶಕ ಹಾಕಬೇಡಿ. ಇದು ಮಕರಂದದ ಗಿಡ. ಹಮ್ಮಿಂಗ್‌ಬರ್ಡ್, ಜೇನುಹುಳ ಎಲ್ಲ ಬಾಯಿಡುತ್ತವೆ. ವಿಷ ಅಲ್ಲಿಗೂ ಹೋಗುತ್ತದೆ.

ಬಯಲುಸೀಮೆ · 10 ಜೂನ್ 2024

ಲಾನ್ ಗೊಬ್ಬರವೇ ಇರಬೇಕು. ವರ್ಷಕ್ಕೆ ನಾಲ್ಕು ಸಲ ಹಾಕಿಸುತ್ತೇವೆ. ನಿಲ್ಲಿಸಿ ನೋಡುತ್ತೇನೆ.

ಹಿತ್ತಲ ಬಾಗಿಲು · 17 ನವೆಂಬರ್ 2024

ಇವತ್ತು ಕೊಟ್ಟೆ ಕಟ್ಟಿದೆ. ನಾಲ್ಕು ಗಿಡ, ನಾಲ್ಕು ಜುಟ್ಟು, ಸೆಣಬಿನ ದಾರ. ಈ ಬೇಸಿಗೆಯಲ್ಲಿ ಒಂದೇ ದಂಟು ಬಂದಿತ್ತು, ಬೇರು ಕದಲಿಸಿದ್ದಕ್ಕೆ ಇರಬೇಕು. ಸಂಜೆಯಿಂದ ಮಳೆ. ಬಸಿಗಾಲುವೆಯಲ್ಲಿ ನೀರು ಓಡುತ್ತಿದೆ.

ಥೇಮ್ಸ್ ದಡ · 18 ನವೆಂಬರ್ 2024

ತುಂಬಾ ಬಿಗಿಯಾಗಿ ಕಟ್ಟಬೇಡಿ ಅಕ್ಕ, ಒಳಗೆ ಸ್ವಲ್ಪ ಗಾಳಿಯಾಡಲಿ.

ಹಿತ್ತಲ ಬಾಗಿಲು · 29 ಜೂನ್ 2025

ಇಷ್ಟು ದಿನ ಬರೆಯಲಿಲ್ಲ, ಹೂ ಬರಲಿ ಅಂತ ಕಾದೆ.

ಮಾರ್ಚ್‌ನಲ್ಲಿ ದಾರ ಬಿಚ್ಚಿದಾಗ ಹೊರಗಿನ ಎಲೆಗಳು ಒಣಗಿದ್ದವು. ಒಳಗೆ ಕೈ ಹಾಕಿದೆ, ಸುಳಿ ಗಟ್ಟಿ, ತಿಳಿಹಸಿರು. ನಾಲ್ಕೂ ಬದುಕಿವೆ. ಮೇ ಕೊನೆಯಲ್ಲಿ ಎಲೆಗಳ ನಡುವೆ ಹೆಬ್ಬೆರಳಿನಷ್ಟು ಮೊಗ್ಗು ಕಂಡಿತು. ಬಿಸಿಲೂರು ಅವರು ಹೇಳಿದ ಹಾಗೆ ಆವತ್ತಿನಿಂದಲೇ ಪ್ರತಿ ಶನಿವಾರ ನೀರು. ಇವತ್ತಿಗೆ ನಾಲ್ಕು ಗಿಡದಲ್ಲಿ ಒಂಬತ್ತು ದಂಟು. ಎಲ್ಲಕ್ಕಿಂತ ಎತ್ತರದ್ದು ನನ್ನ ಭುಜ ಮುಟ್ಟುತ್ತದೆ.

ಬೆಳಗ್ಗೆ ಆರು ಗಂಟೆಗೆ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಒಂದು ಹಮ್ಮಿಂಗ್‌ಬರ್ಡ್ ಬಂತು. ನಮ್ಮಲ್ಲಿ ವರ್ಷವಿಡೀ ಇರುವ ಅನ್ನಾಸ್ ಜಾತಿಯದು. ಕತ್ತು ತಿರುಗಿಸಿದಾಗ ಮಾತ್ರ ಗಂಟಲು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಅದು ಕೆಂಪು ಮೊಗ್ಗುಗಳನ್ನು ಮುಟ್ಟಲೇ ಇಲ್ಲ. ಕೆಂಪು ಮುಗಿದು ಹಳದಿ ಶುರುವಾಗುವ ಆ ಒಂದು ಸುತ್ತಿಗೇ ಹೋಯಿತು. ಒಂದೊಂದೇ ಹೂವಿಗೆ ಕೊಕ್ಕು ಹಾಕುತ್ತಾ ದಂಟಿನ ಸುತ್ತ ಪ್ರದಕ್ಷಿಣೆ ಬಂತು. ಹೋದ ಮೇಲೆ ನಾನೂ ಹೋಗಿ ಆ ಸುತ್ತಿನ ಒಂದು ಹೂ ಕಿತ್ತು ಹಿಂಡಿದೆ. ಬೆರಳಿಗೆ ಒಂದು ಹನಿ ಬಂತು. ನೆಕ್ಕಿದೆ, ಸಿಹಿ, ನೀರು ನೀರಾಗಿತ್ತು.

ಕೆಂಪುನೆಲ · 29 ಜೂನ್ 2025

ಇಲ್ಲಿ ಆ ಜಾಗಕ್ಕೆ ಮ್ಯಾಲಕೈಟ್ ಸೂರಕ್ಕಿ ಬರುತ್ತದೆ. ಗಂಡಿನದು ಮೈಯೆಲ್ಲಾ ಪಚ್ಚೆ ಹಸಿರು, ಉದ್ದ ಬಾಲ. ಅದಕ್ಕೆ ನಿಮ್ಮ ಹಕ್ಕಿಯ ಹಾಗೆ ಗಾಳಿಯಲ್ಲಿ ನಿಂತು ಕುಡಿಯುವ ಅಭ್ಯಾಸ ಕಡಿಮೆ, ದಂಟಿನ ಮೇಲೇ ಕೂರುತ್ತದೆ. ದಂಟು ಅಷ್ಟು ಗಟ್ಟಿ ಇರುವುದಕ್ಕೆ ಅದು ಆರಾಮವಾಗಿ ಕೂರುತ್ತದೆ. ಓದಿ ತುಂಬಾ ಸಂತೋಷವಾಯಿತು ಅಕ್ಕ.

ರಥಬೀದಿ · 30 ಜೂನ್ 2025

ಒಂಬತ್ತು ದೀವಟಿಗೆ! ಫೋಟೋ ಹಾಕಿ, ಸಂಜೆಯ ಬೆಳಕಿನದು.

ಮಳೆಬಿಲ್ಲು (ಬೀವರ್ಟನ್, ಆರೆಗಾನ್) · 1 ಜುಲೈ 2025

ಅಕ್ಕ, ನಾನು ನಿಮ್ಮಿಂದ ಹದಿನೈದು ನಿಮಿಷ ದೂರ. ಎಲ್ಲವನ್ನೂ ಈಗ ಒಂದೇ ಸಲಕ್ಕೆ ಓದಿದೆ. ನಮ್ಮ ಹಿತ್ತಿಲಲ್ಲೂ ಅದೇ ಜೇಡಿ. ಒಂದು ಕಂದು ಸಿಗಬಹುದೇ?

ಹಿತ್ತಲ ಬಾಗಿಲು · 1 ಜುಲೈ 2025

ಖಂಡಿತ ಕೊಡುತ್ತೇನೆ. ಈಗ ಹೂವಿದೆ, ಕದಲಿಸುವುದು ಬೇಡ. ಮಾರ್ಚ್ ಕೊನೆಯಲ್ಲಿ ಬನ್ನಿ. ಅಷ್ಟರೊಳಗೆ ಈ ಮಳೆಗಾಲದಲ್ಲಿ ಒಂದಡಿ ಗುಂಡಿ ತೋಡಿ, ನೀರು ತುಂಬಿಸಿ, ಬೆಳಗ್ಗೆ ಎದ್ದು ನೋಡಿ. ನೀರು ಹಾಗೇ ಇದ್ದರೆ ದಿಬ್ಬ ಮಾಡಿಟ್ಟುಕೊಂಡು ಬನ್ನಿ, ಎರಡು ಕಂದು ಎತ್ತಿಡುತ್ತೇನೆ.